ಗೇರ್‌ಬಾಕ್ಸ್ ಬಿಚ್ಚುವ ಮೊದಲು

"ಗಾಡಿ ಜರ್ಕ್ ಹೊಡಿತೈತ್ರಿ." ಆಟೋಮ್ಯಾಟಿಕ್ ಕಾರು ತಕರಾರು ತೆಗೆದಾಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮಾಲೀಕರು ಗ್ಯಾರೇಜಿನಲ್ಲಿ ಹೇಳುವುದು ಬಹುಮಟ್ಟಿಗೆ ಇಷ್ಟೇ. ಸಿಗುವ ಉತ್ತರವೂ ಅಷ್ಟೇ ಚಿಕ್ಕದು: "ಗೇರ್‌ಬಾಕ್ಸ್ ಹೋಗೇತ್ರಿ, ಹುಬ್ಬಳ್ಳಿಗೆ ಒಯ್ಯಬೇಕು." ಈ ಎರಡು ಮಾತುಗಳ ನಡುವೆ ಆಗಬೇಕಾದ ಕೆಲಸ ಬಹಳ ಇದೆ. ಅದು ಆಗದೇ ಹೋದರೆ ಆಯಿಲ್ ಕಡಿಮೆಯಾದ ಗಾಡಿಗೂ, ಎಂಜಿನ್ ಮೌಂಟಿಂಗ್ ಹರಿದ ಗಾಡಿಗೂ, ಇಲಿ ವೈರ್ ಕಡಿದ ಗಾಡಿಗೂ ಒಂದೇ ಬಗೆಯ ಎಸ್ಟಿಮೇಟ್ ಬರೆಯಲಾಗುತ್ತದೆ. ಅದರ ಮೊತ್ತ ಲಕ್ಷ ದಾಟಿರುತ್ತದೆ. ಗೋವಿನಜೋಳದ ಒಂದು ಹಂಗಾಮಿನ ಉಳಿತಾಯವೆಲ್ಲ ಬೇಡದ ರಿಪೇರಿಗೆ ಹೋಗುವುದು ಸಣ್ಣ ಅನ್ಯಾಯವಲ್ಲ.

ಏಳು ಜನ ಕೂರುವ ಗಾಡಿಯನ್ನು ಈ ಭಾಗದವರು ಶೋಕಿಗೆ ಕೊಳ್ಳುವುದಿಲ್ಲ. ಕದರಮಂಡಲಗಿಯ ಹನುಮಪ್ಪನಿಗೆ, ದೇವರಗುಡ್ಡದ ಮಾಲತೇಶನಿಗೆ, ಧರ್ಮಸ್ಥಳಕ್ಕೆ, ಬೀಗರ ಮನೆಯ ಮದುವೆಗೆ, ದಾವಣಗೆರೆ ಅಥವಾ ಹುಬ್ಬಳ್ಳಿಯ ಆಸ್ಪತ್ರೆಗೆ ಇಡೀ ಮನೆ ಒಂದೇ ಗಾಡಿಯಲ್ಲಿ ಹೊರಡಬೇಕು. 2000ದ ಕ್ವಾಲಿಸ್, 2005ರ ಇನೋವಾ ಈ ಕೆಲಸವನ್ನು ಕೈಗೇರಿನಲ್ಲೇ ಮಾಡಿದವು. 2016ರಲ್ಲಿ ಇನೋವಾ ಕ್ರಿಸ್ಟಾ ಬಂದಾಗ ಅದರ 2.8 ಲೀಟರ್ ಡೀಸೆಲ್ ಎಂಜಿನ್‌ಗೆ ಆರು ಗೇರಿನ ಆಟೋಮ್ಯಾಟಿಕ್ ಜೋಡಿಯಾಯಿತು. ಎರ್ಟಿಗಾಕ್ಕೆ ಮೊದಲು ನಾಲ್ಕು ಗೇರಿನದು ಇತ್ತು, 2022ರಲ್ಲಿ ಆರು ಗೇರಿನದು ಬಂತು. ಅದೇ ವರ್ಷ ಕಿಯಾ ಕಾರೆನ್ಸ್ ಬಂತು. ರೆನೋ ಟ್ರೈಬರ್ 2020ರಲ್ಲೇ ಅಗ್ಗದ ದಾರಿಯೊಂದನ್ನು ತೋರಿಸಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ತಾನು ಓಡಿಸಿದ ಆಟೋಮ್ಯಾಟಿಕ್ ಗಾಡಿಯನ್ನು ಮೊಣಕಾಲು ನೋವಿನ ತಂದೆಗೆ ಊರಿಗೆ ಕಳಿಸುತ್ತಾನೆ. ಇಲ್ಲವೇ ಅಪ್ಪನೇ ಸೆಕೆಂಡ್ ಹ್ಯಾಂಡ್ ತರುತ್ತಾರೆ. 2023ರಲ್ಲಿ ಕ್ರಿಸ್ಟಾ ಮತ್ತೆ ಮಾರುಕಟ್ಟೆಗೆ ಬಂದಾಗ ಕೈಗೇರು ಮಾತ್ರ ಉಳಿಯಿತು. ಹಾಗಾಗಿ ಈಗ ಓಡಾಡುವ ಆಟೋಮ್ಯಾಟಿಕ್ ಕ್ರಿಸ್ಟಾಗಳಿಗೆಲ್ಲ ವಯಸ್ಸಾಗಿದೆ, ಹೆಚ್ಚಿನವು ವಾರಂಟಿ ದಾಟಿವೆ. ಜರ್ಕ್ ಶುರುವಾಗುವ ಕಾಲ ಇದೇ.

ಮೊದಲು ತಿಳಿಯಬೇಕಾದದ್ದು, ಕ್ಲಚ್ ಪೆಡಲ್ ಇಲ್ಲ ಎಂದ ಮಾತ್ರಕ್ಕೆ ಎಲ್ಲ ಗಾಡಿಗಳ ಒಳಗೂ ಒಂದೇ ಯಂತ್ರವಿಲ್ಲ. ಕ್ರಿಸ್ಟಾ, ಎರ್ಟಿಗಾ, ಡೀಸೆಲ್ ಕಾರೆನ್ಸ್‌ಗಳಲ್ಲಿ ಇರುವುದು ಟಾರ್ಕ್ ಕನ್ವರ್ಟರ್ ಇರುವ ಹಳೆಯ, ಗಟ್ಟಿ ಜಾತಿಯ ಗೇರ್ ಪೆಟ್ಟಿಗೆ. ಟರ್ಬೊ ಪೆಟ್ರೋಲ್ ಕಾರೆನ್ಸ್‌ನಲ್ಲಿ ಎರಡು ಕ್ಲಚ್‌ಗಳ ಡಿಸಿಟಿ ಸಿಗುತ್ತದೆ. ಟ್ರೈಬರ್‌ನದು ಎಎಂಟಿ, ಅಂದರೆ ಮಾಮೂಲಿ ಕೈಗೇರಿನ ಪೆಟ್ಟಿಗೆಯೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಕಂಪ್ಯೂಟರ್ ಹೇಳಿದಂತೆ ಒಂದು ಯಂತ್ರದ ಕೈ ಮಾಡುತ್ತದೆ. ಇನೋವಾ ಹೈಕ್ರಾಸ್‌ನ ಪೆಟ್ರೋಲ್ ಗಾಡಿಯಲ್ಲಿ ಬೆಲ್ಟಿನ ಸಿವಿಟಿ ಇದೆ. ಅದರ ಹೈಬ್ರಿಡ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ಗೇರುಗಳೇ ಇಲ್ಲ. ಎಎಂಟಿಯಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ತಲೆ ಸ್ವಲ್ಪ ಮುಂದಕ್ಕೆ ವಾಲುವುದು ಆ ಯಂತ್ರದ ಸ್ವಭಾವ. ಅದೇ ವಾಲಿಕೆ ಕ್ರಿಸ್ಟಾದಲ್ಲಿ ಕಂಡರೆ ಅದು ರೋಗದ ಲಕ್ಷಣ. ಯಾವ ಪೆಟ್ಟಿಗೆ ಎಂದು ಕೇಳದೆ "ಆಟೋಮ್ಯಾಟಿಕ್ ಅಂದ್ರ ಹಂಗ ಇರತೈತ್ರಿ" ಎನ್ನುವ ಗ್ಯಾರೇಜಿನಿಂದ ಕೀಲಿ ವಾಪಸ್ ಇಸಕೊಂಡು ಬರುವುದು ಒಳ್ಳೆಯದು.

ಟಾರ್ಕ್ ಕನ್ವರ್ಟರ್ ಪೆಟ್ಟಿಗೆಯ ಕಥೆಯನ್ನೇ ಇಲ್ಲಿ ಹೆಚ್ಚು ಹೇಳುತ್ತೇನೆ. ನಮ್ಮ ರಸ್ತೆಗಳ ದೊಡ್ಡ ಕುಟುಂಬದ ಗಾಡಿಗಳಲ್ಲಿ ಮುಖ್ಯವಾಗಿ ಇರುವುದು ಅದೇ, ಸರಿಯಾಗಿ ನೋಡಿಕೊಂಡರೆ ಬಹುಕಾಲ ಬಾಳುವುದೂ ಅದೇ. ಇದರ ಮೂಲ ಕಲ್ಪನೆ ಹುಟ್ಟಿದ್ದು ಹಡಗುಗಳಿಗಾಗಿ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಕಾರಿನಲ್ಲಿ ಪೂರ್ತಿ ಆಟೋಮ್ಯಾಟಿಕ್ ಪೆಟ್ಟಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಅಮೆರಿಕದ ಜನರಲ್ ಮೋಟಾರ್ಸ್‌ನ 1940ರ ಓಲ್ಡ್ಸ್‌ಮೊಬೈಲ್ ಗಾಡಿಗಳಲ್ಲಿ. ಕೆಲಸ ನಡೆಯುವ ಬಗೆ ಹೀಗೆ: ಎಂಜಿನ್‌ಗೆ ಸೇರಿದ ಚಕ್ರವೊಂದು ಆಯಿಲನ್ನು ಜೋರಾಗಿ ಎಸೆಯುತ್ತದೆ, ಎದುರಿನ ಚಕ್ರ ಆ ಆಯಿಲಿನ ಹೊಡೆತಕ್ಕೆ ತಿರುಗಿ ಪೆಟ್ಟಿಗೆಯನ್ನು ತಿರುಗಿಸುತ್ತದೆ. ಗಾಡಿ ನಿಂತಾಗ ಎಂಜಿನ್ ಬಂದ್ ಆಗದಿರುವುದು ಇದರಿಂದಲೇ, ನಡುವೆ ಇರುವುದು ಆಯಿಲ್ ಮಾತ್ರ. ಪೆಟ್ಟಿಗೆಯೊಳಗೆ ಹಲ್ಲಿನ ಚಕ್ರಗಳು ಒಂದಕ್ಕೊಂದು ಸದಾ ಕಚ್ಚಿಕೊಂಡೇ ಇರುತ್ತವೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸಣ್ಣ ಸಣ್ಣ ಕ್ಲಚ್ ಗುಂಪುಗಳು ನಿರ್ಧರಿಸುತ್ತವೆ. ಆ ಕ್ಲಚ್‌ಗಳನ್ನು ಒತ್ತುವುದೂ ಅದೇ ಆಯಿಲಿನ ಒತ್ತಡ. ಒತ್ತಡವನ್ನು ಎಲ್ಲಿಗೆ, ಎಷ್ಟು, ಯಾವಾಗ ಬಿಡಬೇಕೆಂಬ ಹುಕುಂ ಕಂಪ್ಯೂಟರ್‌ನದು, ಅದನ್ನು ನಡೆಸುವುದು ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಗಳು.

ಎರಡರಿಂದ ಮೂರಕ್ಕೆ ಹೋಗುವಾಗ ಒಂದು ಕ್ಲಚ್ ಬಿಡಬೇಕು, ಇನ್ನೊಂದು ಹಿಡಿಯಬೇಕು. ಎರಡೂ ಕ್ಷಣಾರ್ಧದಲ್ಲಿ ಆಗಬೇಕು. ಬಿಡುವ ಮೊದಲೇ ಹಿಡಿದರೆ ಗಾಡಿಯನ್ನು ಹಿಂದಿನಿಂದ ಯಾರೋ ಜಗ್ಗಿದಂತಾಗುತ್ತದೆ. ಬಿಟ್ಟ ಮೇಲೆ ಹಿಡಿಯಲು ತಡವಾದರೆ ಎಂಜಿನ್ ಒಮ್ಮೆ ಕೂಗಿ, ಆಮೇಲೆ ದಬ್ಬನೆ ಗೇರ್ ಬೀಳುತ್ತದೆ. ಮೊದಲನೆಯದರಲ್ಲಿ ಒತ್ತಡ ಅಥವಾ ಸಮಯದ ಲೆಕ್ಕ ತಪ್ಪಿದೆ. ಎರಡನೆಯದರಲ್ಲಿ ಆಯಿಲ್ ಕಡಿಮೆಯಾಗಿದೆ, ಸೀಲ್ ಸೋರುತ್ತಿದೆ ಅಥವಾ ಕ್ಲಚ್ ಸವೆದಿದೆ. ಗ್ಯಾರೇಜಿಗೆ ಹೋದಾಗ ಎರಡಕ್ಕೂ ನಾವು ಬಳಸುವುದು "ಜರ್ಕ್" ಎಂಬ ಒಂದೇ ಮಾತು. ಎಂಜಿನ್ ಕೂಗಿತೋ ಇಲ್ಲವೋ, ಆರ್‌ಪಿಎಂ ಮುಳ್ಳು ಮೇಲೆ ಹಾರಿತೋ ಇಲ್ಲವೋ ಎಂಬ ಒಂದೇ ವಿವರ ಮೆಕ್ಯಾನಿಕ್‌ನ ಅರ್ಧ ದಿನದ ಕೆಲಸ ಉಳಿಸುತ್ತದೆ.

ಒಳ್ಳೆಯ ಮೆಕ್ಯಾನಿಕ್‌ನನ್ನು ಆತನ ಪ್ರಶ್ನೆಗಳಿಂದಲೇ ಗುರುತಿಸಬಹುದು. ಸರಿಯಾದ ಮಾತುಕತೆ ಇಂಥದ್ದು:

"ಅಣ್ಣಾರ, ಡಿ ಗೇರಿಗೆ ಹಾಕಿದ್ ಕೂಡ್ಲೆ ಟಕ್ ಅಂತೈತ್ರಿ."

"ಮುಂಜಾನೆ ಅಷ್ಟ ಏನ್ರಿ, ಗಾಡಿ ಬಿಸಿ ಆದ್ ಮ್ಯಾಲೂ ಅಂತೈತೇನ್ರಿ?"

"ಬಿಸಿ ಆದ್ ಮ್ಯಾಲ ಜಾಸ್ತಿರಿ."

"ರಿವರ್ಸ್ ಹಾಕಿದ್ರ? ಹಂಪ್ಸ್ ಹತ್ರ ನಿಧಾನ ಮಾಡಿದ್ರ? ಏಳು ಮಂದಿ ಕುಂತಾಗ ಬ್ಯಾರೆ, ಒಬ್ರ ಇದ್ದಾಗ ಬ್ಯಾರೆ ಅನಸ್ತೈತೇನ್ರಿ?"

ಈ ಪ್ರಶ್ನೆಗಳಿಗೆ ಉತ್ತರ ಇರುವುದು ಗಾಡಿ ಓಡಿಸುವವರ ಬಳಿ ಮಾತ್ರ. ಸ್ಕ್ಯಾನರ್ ಅದನ್ನು ಹೇಳಲಾರದು. ಆದ್ದರಿಂದ ಕೆಲವು ದಿನ ಒಂದು ಹಾಳೆಯ ಮೇಲೆ ಬರೆದಿಡಬೇಕು: ಯಾವ ವೇಗದಲ್ಲಿ, ಯಾವ ಗೇರಿನಿಂದ ಯಾವ ಗೇರಿಗೆ, ಗಾಡಿ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ಎಸಿ ಹಾಕಿದಾಗ ಹೆಚ್ಚುತ್ತದೆಯೋ. ಮುಂಜಾನೆ ಮೊದಲ ಕೆಲವು ನಿಮಿಷ ಮಾತ್ರ ಒರಟಾಗಿದ್ದು ಆಮೇಲೆ ಮೃದುವಾದರೆ ಗಟ್ಟಿಯಾದ ಸೀಲ್‌ಗಳು, ದಪ್ಪಗಿರುವ ಹಳೆಯ ಆಯಿಲ್ ಅಥವಾ ತಣ್ಣಗಿನ ಎಂಜಿನ್‌ನ ಹೆಚ್ಚಿನ ಐಡ್ಲಿಂಗ್ ಕಡೆ ಅನುಮಾನ ಹೋಗುತ್ತದೆ. ಮುಂಜಾನೆ ಬೆಣ್ಣೆಯ ಹಾಗೆ ನಡೆದು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಒರಟಾದರೆ, ಬಿಸಿಗೆ ತೆಳುವಾದ ಆಯಿಲ್ ಸವೆದ ಸೀಲ್‌ಗಳಲ್ಲಿ ಸೋರಿ ಒತ್ತಡ ಬೀಳುತ್ತಿರಬಹುದು, ಇಲ್ಲವೇ ಬಿಸಿಯಾದ ಸೊಲೆನಾಯ್ಡ್ ತಪ್ಪುತ್ತಿರಬಹುದು. ಎರಡಕ್ಕೂ ರಿಪೇರಿ ಬೇರೆ, ಖರ್ಚು ಬೇರೆ.

ಇನ್ನು ಪೆಟ್ಟಿಗೆಯ ಹೊರಗಿನ ಕಾರಣಗಳು. ಜನ ಬೇಡದ ಹಣ ಕಳೆದುಕೊಳ್ಳುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಕ್ರಿಸ್ಟಾ ಹಿಂದಿನ ಚಕ್ರಗಳಿಂದ ಓಡುವ ಗಾಡಿ. ಪೆಟ್ಟಿಗೆಯಿಂದ ಹಿಂದಿನ ಆಕ್ಸಲ್‌ವರೆಗೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇದೆ. ಅದರ ಕ್ರಾಸ್ ಬೇರಿಂಗ್‌ನಲ್ಲಿ ಆಟ ಬಂದರೆ, ಒಳಗೆ ಹೊರಗೆ ಜಾರುವ ಹಲ್ಲಿನ ಭಾಗದಲ್ಲಿ ಗ್ರೀಸ್ ಒಣಗಿದರೆ, ನಿಂತ ಗಾಡಿ ಹೊರಡುವಾಗ ಅಥವಾ ಪೂರ್ತಿ ನಿಲ್ಲುವ ಕೊನೆಯ ಗಳಿಗೆಯಲ್ಲಿ ಹಿಂದಿನಿಂದ ಯಾರೋ ಗುದ್ದಿದಂತೆ ಆಗುತ್ತದೆ. ಮಾಲೀಕನಿಗೆ ಅದು ಗೇರ್‌ಬಾಕ್ಸ್ ಜರ್ಕ್. ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುವಿದರೆ ಆಟ ಗೊತ್ತಾಗುತ್ತದೆ. ಟ್ರ್ಯಾಕ್ಟರ್, ಟ್ರಕ್ ರಿಪೇರಿ ಮಾಡಿದ ಕೈಗೆ ಇದು ಹೊಸ ಕೆಲಸವೇ ಅಲ್ಲ. ಎರ್ಟಿಗಾ, ಕಾರೆನ್ಸ್, ಟ್ರೈಬರ್ ಮುಂದಿನ ಚಕ್ರದ ಗಾಡಿಗಳು, ಇವಕ್ಕೆ ಆ ಉದ್ದನೆಯ ಶಾಫ್ಟ್ ಇಲ್ಲ. ಆದರೆ ಎಂಜಿನ್ ಮೌಂಟಿಂಗ್ ಹರಿದರೆ ಡಿ ಅಥವಾ ಆರ್ ಹಾಕಿದಾಗ ಎಂಜಿನ್ನೇ ಎದ್ದು ಕೂರುತ್ತದೆ. ಬಾನೆಟ್ ತೆಗೆದು, ಬ್ರೇಕ್ ಗಟ್ಟಿಯಾಗಿ ಹಿಡಿದು, ಗಾಡಿಯ ಮುಂದೆ ಯಾರನ್ನೂ ನಿಲ್ಲಿಸದೆ, ಡಿ ಮತ್ತು ಆರ್ ನಡುವೆ ಬದಲಿಸಿದಾಗ ಎಂಜಿನ್ ಎಷ್ಟು ಹೊರಳುತ್ತದೆ ಎಂದು ಪಕ್ಕದಿಂದ ನೋಡಬೇಕು.

ಗೇರ್ ಬದಲಾಯಿಸುವ ಕಂಪ್ಯೂಟರ್‌ಗೆ ಸ್ವಂತ ಕಣ್ಣಿಲ್ಲ. ಎಂಜಿನ್ ಎಷ್ಟು ಬಲ ಕೊಡುತ್ತಿದೆ ಎಂಬುದನ್ನು ಒಳಬರುವ ಗಾಳಿಯ ಲೆಕ್ಕ, ಆಕ್ಸಿಲರೇಟರ್ ಸೆನ್ಸರ್ ಮುಂತಾದವುಗಳಿಂದ ಅಂದಾಜು ಮಾಡಿ ಕ್ಲಚ್‌ಗೆ ಒತ್ತಡ ಬಿಡುತ್ತದೆ. ಗಾಳಿ ಅಳೆಯುವ ಸೆನ್ಸರ್‌ಗೆ ಧೂಳು ಹಿಡಿದರೆ, ಟರ್ಬೊ ಪೈಪಿನಲ್ಲಿ ಗಾಳಿ ಸೋರಿದರೆ ಆ ಅಂದಾಜು ತಪ್ಪುತ್ತದೆ, ಗೇರ್ ಒರಟಾಗುತ್ತದೆ. ಗೋವಿನಜೋಳದ ಒಕ್ಕಲು ಸಮಯದಲ್ಲಿ ರಾಣೆಬೆನ್ನೂರು, ಹಿರೇಕೆರೂರು ಕಡೆಯ ಒಳರಸ್ತೆಗಳಲ್ಲಿ ಓಡಾಡಿದ ಗಾಡಿಯ ಏರ್ ಫಿಲ್ಟರ್ ತೆಗೆದು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಬ್ಯಾಟರಿ ಮುದಿಯಾಗಿ ವೋಲ್ಟೇಜ್ ಬಿದ್ದರೂ, ಅರ್ಥಿಂಗ್ ವೈರಿನ ತುದಿ ತುಕ್ಕು ಹಿಡಿದರೂ ಕಂಪ್ಯೂಟರ್‌ಗಳು ಹುಚ್ಚುಹುಚ್ಚಾಗಿ ವರ್ತಿಸುತ್ತವೆ. ಬ್ರೇಕ್ ಪೆಡಲ್ ಬಳಿಯ ಸಣ್ಣ ಸ್ವಿಚ್ ಕೆಟ್ಟರೆ, ಬ್ರೇಕ್ ಒತ್ತಿದ್ದೀರೋ ಇಲ್ಲವೋ ಎಂಬುದೇ ಪೆಟ್ಟಿಗೆಗೆ ತಿಳಿಯದೆ ಹೋಗಬಹುದು. ಮತ್ತೊಂದು ನಮ್ಮದೇ ಕಾರಣ: ಗೋವಿನಜೋಳದ ಚೀಲ, ಶೇಂಗಾ, ಹತ್ತಿಬೀಜ ಇಟ್ಟ ಮನೆಯ ಕಟ್ಟೆ, ಗೋದಾಮು, ತಗಡಿನ ಶೆಡ್ಡಿನ ಪಕ್ಕ ನಿಲ್ಲಿಸಿದ ಗಾಡಿಗೆ ಇಲಿ ಹೊಗುವುದು ಖಚಿತ. ಕಾಳಿಗೆ ಬಂದ ಇಲಿ ಬೆಚ್ಚಗಿನ ಎಂಜಿನ್ ಕೆಳಗೆ ಕೂತು ವೈರಿಂಗ್ ಕಡಿಯುತ್ತದೆ. ಪೆಟ್ಟಿಗೆಗೆ ಹೋಗುವ ಒಂದು ವೈರ್ ಅರ್ಧ ಹರಿದಿದ್ದರೂ ಸಾಕು, ಗಾಡಿ ಒಂದೇ ಗೇರಿಗೆ ಅಂಟಿಕೊಂಡು, ಮೀಟರಿನಲ್ಲಿ ದೀಪ ಹಚ್ಚಿ, ತನ್ನನ್ನು ತಾನು ಕಾಪಾಡಿಕೊಳ್ಳುವ ಸ್ಥಿತಿಗೆ ಹೋಗುತ್ತದೆ. ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಕೆಲಹೊತ್ತು ಸರಿಯಾದಂತೆ ಕಾಣುತ್ತದೆ. "ತಾನ ಸುದ್ದ ಆತು" ಎಂದು ಸುಮ್ಮನಾಗುವವರೇ ಹೆಚ್ಚು. ಅದು ಸುದ್ದವಾಗಿರುವುದಿಲ್ಲ, ಕಂಪ್ಯೂಟರ್ ಹೊಸದಾಗಿ ಎಣಿಸಲು ಕೂತಿರುತ್ತದೆ ಅಷ್ಟೇ.

ಹೊರಗಿನದೆಲ್ಲ ನೋಡಿದ ಮೇಲೆ ಆಯಿಲ್. ಹಳೆಯ ಆಟೋಮ್ಯಾಟಿಕ್‌ಗಳಲ್ಲಿ ಎಂಜಿನ್ ಆಯಿಲಿನಂತೆ ಇದಕ್ಕೂ ಡಿಪ್‌ಸ್ಟಿಕ್ ಇರುತ್ತಿತ್ತು. ಈಗಿನ ಹಲವು ಗಾಡಿಗಳಲ್ಲಿ ಇಲ್ಲ. ಬದಲಿಗೆ ಗಾಡಿಯನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಪೆಟ್ಟಿಗೆಯೊಳಗಿನ ಆಯಿಲ್ ಕಂಪನಿ ಹೇಳಿದ ಉಷ್ಣಾಂಶಕ್ಕೆ ಬಂದಾಗ ಕೆಳಗಿನ ಬಿರಡೆ ತೆಗೆದು ನೋಡಬೇಕು. ಆಯಿಲ್ ಸಣ್ಣಗೆ ತೊಟ್ಟಿಕ್ಕಿ ನಿಂತರೆ ಮಟ್ಟ ಸರಿ. ಹಲವು ಗಾಡಿಗಳಿಗೆ ಆ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಬಯಲಿನ ಬಿಸಿಲೇ ಅದರ ಹತ್ತಿರಕ್ಕೆ ಬಂದಿರುತ್ತದೆ. ಗಾಡಿ ಗ್ಯಾರೇಜ್ ಮುಟ್ಟುವಷ್ಟರಲ್ಲಿ ಆಯಿಲ್ ಅದನ್ನು ಎಷ್ಟೋ ದಾಟಿ ಹೋಗಿರುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಬಿರಡೆಯಿಂದ ಧಾರಾಳವಾಗಿ ಸುರಿಯುತ್ತದೆ, "ಜಾಸ್ತಿ ಐತಿ" ಎಂದುಕೊಂಡು ಹೊರಗೆ ಬಿಟ್ಟರೆ ತಣ್ಣಗಾದ ಮೇಲೆ ಪೆಟ್ಟಿಗೆಗೆ ಆಯಿಲ್ ಸಾಲದು. ಆದ್ದರಿಂದ ನಮ್ಮ ಕಡೆ ಈ ಕೆಲಸವನ್ನು ಬೇಸಿಗೆಯಲ್ಲಿ ಹಿಂದಿನ ರಾತ್ರಿಯೇ ಗಾಡಿ ಬಿಟ್ಟು, ಮುಂಜಾನೆ ತಂಪಿನಲ್ಲಿ, ಸ್ಕ್ಯಾನರ್‌ನಲ್ಲಿ ಉಷ್ಣಾಂಶ ನೋಡುತ್ತಲೇ ಮಾಡಿಸಬೇಕು. ಉಷ್ಣಾಂಶ ನೋಡದೆ ಮಟ್ಟ ಹೇಳುವವರ ಮಾತನ್ನು ಒಪ್ಪಬಾರದು.

ಆಯಿಲಿನ ಗುಣ ನೋಡುವಾಗ ಬ್ಯಾಡಗಿಯವರಿಗೆ ಒಂದು ತಿಳಿವಳಿಕೆ ಆಗಲೇ ಇದೆ. ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು, ಆದರೆ ಖಾರ ಕಡಿಮೆ. ಕೆಂಪು ಕಂಡ ಮಾತ್ರಕ್ಕೆ ಖಾರ ಇದೆ ಎಂದು ಆ ಪೇಟೆಯಲ್ಲಿ ಯಾರೂ ಹೇಳುವುದಿಲ್ಲ. ಗೇರ್ ಆಯಿಲಿನ ಬಣ್ಣವೂ ಹಾಗೆಯೇ, ಒಳಗಿನ ಸ್ಥಿತಿಯನ್ನು ಅದೊಂದೇ ಹೇಳದು. ಹೊಸದರಲ್ಲಿ ಕೆಂಪಾಗಿರುವ ಎಷ್ಟೋ ಆಯಿಲ್‌ಗಳು ಸಹಜವಾಗಿಯೇ ಕಂದು ಬಣ್ಣಕ್ಕೆ ತಿರುಗುತ್ತವೆ, ಅಷ್ಟಕ್ಕೇ ಹೆದರಬೇಕಿಲ್ಲ. ನಂಬಬೇಕಾದದ್ದು ವಾಸನೆ ಮತ್ತು ಸ್ಪರ್ಶ. ಸುಟ್ಟ ವಾಸನೆ ಬಂದರೆ ಕ್ಲಚ್ ಬೆಂದಿದೆ. ಬಿಳಿಚಿ ಹಾಲು ಬೆರೆತಂತೆ ಕಂಡರೆ ಒಳಗೆ ನೀರು ಅಥವಾ ಕೂಲೆಂಟ್ ಸೇರಿದೆ. ಪೆಟ್ಟಿಗೆಗೆ ಉಸಿರಾಡುವ ಸಣ್ಣ ನಳಿಕೆ ಇರುತ್ತದೆ. ಮಳೆಗಾಲದಲ್ಲಿ ವರದಾ, ಧರ್ಮಾ ಉಕ್ಕಿದಾಗ ನೀರು ನಿಂತ ರಸ್ತೆಯಲ್ಲಿ ನುಗ್ಗಿಸಿದ ಗಾಡಿಗಳು ಆ ದಾರಿಯಿಂದ ನೀರು ಕುಡಿಯಬಹುದು. ಡ್ರೈನ್ ಮಾಡಿದಾಗ ತಳದ ಆಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ಪೇಸ್ಟ್ ಅಂಟಿದ್ದರೆ ಅದು ಮಾಮೂಲಿ ಸವೆತ. ಕಣ್ಣಿಗೆ ಕಾಣುವ ಲೋಹದ ಚೂರು, ತೆಳು ಹಾಳೆಯಂಥ ತುಣುಕು ಸಿಕ್ಕರೆ ಪೆಟ್ಟಿಗೆಯನ್ನು ಬಿಚ್ಚಲೇಬೇಕು.

"ಲೈಫ್‌ಟೈಮ್ ಆಯಿಲ್, ಬದಲಿಸೋದು ಬ್ಯಾಡ" ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಏಳು ಜನರನ್ನು, ಮೇಲೆ ಸಾಮಾನನ್ನು ಹೊತ್ತು ಹಾನಗಲ್, ಶಿರಸಿ ದಾರಿಯಾಗಿ ದೇವಿಮನೆ ಘಟ್ಟ ಇಳಿದು ಹತ್ತುವ ಗಾಡಿಗೆ ಅದು ಹೊಂದುವ ಮಾತಲ್ಲ. ಗಾಡಿಯ ಕೈಪಿಡಿಗಳಲ್ಲೇ ಭಾರ, ಬಿಸಿ, ಧೂಳಿನ ಓಡಾಟಕ್ಕೆ ಬೇರೆ ಲೆಕ್ಕ ಇರುತ್ತದೆ. ನಮ್ಮ ಓಡಾಟ ಆ ಲೆಕ್ಕಕ್ಕೇ ಸೇರಬೇಕು. ಒಮ್ಮೆ ಡ್ರೈನ್ ಮಾಡಿದರೆ ಇಡೀ ಆಯಿಲ್ ಹೊರಬರುವುದಿಲ್ಲ, ಹೆಚ್ಚಿನ ಭಾಗ ಟಾರ್ಕ್ ಕನ್ವರ್ಟರ್‌ನಲ್ಲೂ ಕೂಲರ್ ಪೈಪುಗಳಲ್ಲೂ ಉಳಿಯುತ್ತದೆ. ಆದ್ದರಿಂದ ನಡುವೆ ಸ್ವಲ್ಪ ಓಡಿಸಿ ಎರಡು ಮೂರು ಸಲ ಬದಲಿಸುವುದು ಸಮಾಧಾನದ ದಾರಿ. ಹೆಸರು ನೋಡದೆ ಡಬ್ಬಿ ಸುರಿಯುವುದಂತೂ ಯಾವ ಕಾಲಕ್ಕೂ ಸಲ್ಲದು. ಟೊಯೊಟಾ ಪೆಟ್ಟಿಗೆಗೆ ಟೊಯೊಟಾ ಹೇಳಿದ ಡಬ್ಲ್ಯೂಎಸ್, ಸಿವಿಟಿಗೆ ಸಿವಿಟಿಯದ್ದೇ, ಡಿಸಿಟಿಗೆ ಅದರದ್ದೇ. ಕ್ಲಚ್ ಎಷ್ಟು ಜಾರಬೇಕು, ಯಾವಾಗ ಹಿಡಿಯಬೇಕು ಎಂಬುದನ್ನು ಆ ಆಯಿಲಿನ ಘರ್ಷಣೆಯ ಗುಣ ನೋಡಿಯೇ ಲೆಕ್ಕ ಹಾಕಿರುತ್ತಾರೆ.

ಮೂರನೆಯದು ಸ್ಕ್ಯಾನಿಂಗ್. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಯಂತ್ರ ಚುಚ್ಚಿ ಕೋಡ್ ಓದುವುದು ಈಗ ತಾಲ್ಲೂಕು ಮಟ್ಟದಲ್ಲೂ ಆಗುತ್ತದೆ. ಆದರೆ ಅಗ್ಗದ ಯಂತ್ರಗಳು ಎಂಜಿನ್‌ನ ಕಂಪ್ಯೂಟರ್ ಜೊತೆ ಮಾತ್ರ ಮಾತಾಡುತ್ತವೆ. ಅವು ಪಿ0700 ಎಂಬ ಕೋಡ್ ತೋರಿಸಿದರೆ ಅದರ ಅರ್ಥ "ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ಹೇಳುತ್ತಿದೆ, ಅಲ್ಲಿ ಹೋಗಿ ಕೇಳು" ಎಂದಷ್ಟೇ. ಅದನ್ನೇ "ಗೇರ್‌ಬಾಕ್ಸ್ ಹೋಗೇತಿ" ಎಂದು ಓದಿ ಹೇಳುವುದು ತಪ್ಪು. ಪಿ0711 ಬಂದರೆ ಅನುಮಾನ ಆಯಿಲಿನ ಉಷ್ಣಾಂಶ ಅಳೆಯುವ ಸೆನ್ಸರ್ ಮೇಲೆ, ಪಿ0741 ಬಂದರೆ ಲಾಕ್-ಅಪ್ ಕ್ಲಚ್ ಮೇಲೆ, ಪಿ0750 ಬಂದರೆ ಒಂದು ಸೊಲೆನಾಯ್ಡ್ ಮೇಲೆ. ಸೊಲೆನಾಯ್ಡ್ ಕೋಡ್ ಎಂದರೆ ಸೊಲೆನಾಯ್ಡೇ ಕೆಟ್ಟಿದೆ ಎಂದೂ ಅಲ್ಲ, ಅದಕ್ಕೆ ಹೋಗುವ ವೈರ್, ಕನೆಕ್ಟರ್ ಮೊದಲು ನೋಡಬೇಕು. ಕೋಡ್ ಅಳಿಸುವ ಮೊದಲು ಅದರ ಜೊತೆ ದಾಖಲಾದ ವೇಗ, ಆರ್‌ಪಿಎಂ, ಉಷ್ಣಾಂಶಗಳ ಫೋಟೊ ತೆಗೆದುಕೊಳ್ಳಿ. ಹಾಳೆಯ ಮೇಲೆ ನೀವು ಬರೆದದ್ದಕ್ಕೂ ಅದಕ್ಕೂ ತಾಳೆಯಾದರೆ ರೋಗ ಹಿಡಿದಂತೆಯೇ.

ಲಾಕ್-ಅಪ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹೆದ್ದಾರಿಯಲ್ಲಿ ಒಂದೇ ವೇಗಕ್ಕೆ ಬಂದಾಗ ಆಯಿಲ್ ಮೂಲಕ ಬಲ ಹಾಯಿಸಿ ಡೀಸೆಲ್ ಕಳೆಯುವುದು ಬೇಡವೆಂದು ಟಾರ್ಕ್ ಕನ್ವರ್ಟರ್ ಒಳಗಿನ ಕ್ಲಚ್ ಎರಡೂ ಚಕ್ರಗಳನ್ನು ಬೆಸೆದುಬಿಡುತ್ತದೆ. ಇದು ಸವೆದಾಗ ಅಥವಾ ಆಯಿಲ್ ಮುದಿಯಾದಾಗ, ಗಂಟೆಗೆ 60, 70 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ, ಗಾಡಿ ಗಡಗಡ ನಡುಗುತ್ತದೆ. ಟೋಲ್ ನಾಕಾ ಮುಂದಿನ ಬಿಳಿ ಪಟ್ಟಿಗಳ ಮೇಲೆ ಹೋದಂಥ ಅನುಭವ. ಟಯರ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಂದು ಸುತ್ತಿ ಬಂದವರು ಎಷ್ಟೋ ಜನ. ಪರೀಕ್ಷೆ ಸುಲಭ: ಹಿಂದೆ ಮುಂದೆ ಗಾಡಿ ಇಲ್ಲದ ನೇರ ರಸ್ತೆಯಲ್ಲಿ, ನಡುಕ ಇರುವಾಗಲೇ ಅನುಭವಿ ಚಾಲಕರು ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಬೇಕು. ಬ್ರೇಕ್ ಮುಟ್ಟಿದ ಕೂಡಲೇ ಆ ಕ್ಲಚ್ ಬಿಡುತ್ತದೆ. ನಡುಕ ತಟ್ಟನೆ ನಿಂತರೆ ಕಳ್ಳ ಸಿಕ್ಕ. ನಿಲ್ಲದೆ ಇದ್ದರೆ ಎಂಜಿನ್ ಮಿಸ್‌ಫೈರ್, ಇಂಜೆಕ್ಟರ್, ಟಯರ್, ಶಾಫ್ಟ್ ಕಡೆ ಹುಡುಕಬೇಕು. ಹೊಸ ಆಯಿಲಿಗೆ ಈ ನಡುಕ ಎಷ್ಟೋ ಸಲ ಬಗ್ಗುತ್ತದೆ. ಬಗ್ಗದಿದ್ದರೂ ಟಾರ್ಕ್ ಕನ್ವರ್ಟರ್ ಒಂದನ್ನೇ ಬದಲಿಸಬಹುದು, ಪೂರ್ತಿ ಪೆಟ್ಟಿಗೆ ಬೇಕಿಲ್ಲ.

ಆದರೆ ಕೆಲವು ಲಕ್ಷಣಗಳಿಗೆ ಪರೀಕ್ಷೆ ಮಾಡುತ್ತ ಕೂರಬಾರದು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ಕೂಗಿ ಗಾಡಿ ಮುಂದೆ ಹೋಗದಿದ್ದರೆ, ಪೆಟ್ಟಿಗೆಯ ಬಿಸಿ ತೋರಿಸುವ ದೀಪ ಹತ್ತಿದರೆ, ಗಾಡಿ ನಿಂತ ಜಾಗದಲ್ಲಿ ಆಯಿಲ್ ಬಿದ್ದಿದ್ದರೆ ಅಲ್ಲಿಯೇ ನಿಲ್ಲಿಸಿ. "ಹೆಂಗಾರ ಮಾಡಿ ಊರು ಮುಟ್ಟಸೋಣು" ಎಂದು ಎಳೆದ ಕೊನೆಯ ಕೆಲವು ಕಿಲೋಮೀಟರ್‌ಗಳೇ ಸಣ್ಣ ರಿಪೇರಿಯನ್ನು ದೊಡ್ಡದು ಮಾಡುತ್ತವೆ. ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರ್‌ನಿಂದ ಎಳೆಸಲೂಬಾರದು. ಎಂಜಿನ್ ಬಂದ್ ಇದ್ದಾಗ ಪೆಟ್ಟಿಗೆಯ ಪಂಪ್ ತಿರುಗುವುದಿಲ್ಲ, ಆಯಿಲ್ ಇಲ್ಲದೆ ಒಳಗಿನ ಭಾಗಗಳು ಉಜ್ಜಿ ಸುಡುತ್ತವೆ. ಗಾಡಿಯನ್ನು ಓಡಿಸುವ ಚಕ್ರಗಳನ್ನು ನೆಲದಿಂದ ಎತ್ತುವ ಕ್ರೇನ್ ಅಥವಾ ಇಡೀ ಗಾಡಿ ಹೊರುವ ಲಾರಿಯೇ ಬೇಕು.

ಡಿಸಿಟಿ, ಎಎಂಟಿ ಗಾಡಿಗಳ ಸಂಕಟ ಬೇರೆ. ಕಬ್ಬಿನ ಹಂಗಾಮಿನಲ್ಲಿ ಸಂಗೂರಿನ ಕಾರ್ಖಾನೆ ಕಡೆಗೆ ಹೊರಟ ಎರಡು ಟ್ರೇಲರ್‌ಗಳ ಟ್ರ್ಯಾಕ್ಟರ್ ಹಿಂದೆ, ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿಯ ಮುಖ್ಯರಸ್ತೆಯಲ್ಲಿ ಚೀಲ ಹೇರಿದ ಲಾರಿಗಳ ಸಾಲಿನಲ್ಲಿ, ಈ ಗಾಡಿಗಳ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಜಾರುತ್ತಲೇ ಇರುತ್ತದೆ. ಒಣ ಕ್ಲಚ್‌ಗೆ ತಂಪು ಮಾಡಲು ಆಯಿಲ್ ಇಲ್ಲ. ಬಿಸಿಯಾಗಿ ಮೈಮೇಲೆ ಗಾಜಿನಂಥ ಹೊಳಪು ಕಟ್ಟುತ್ತದೆ, ಹೊರಡುವಾಗ ನಡುಕ ಬರುತ್ತದೆ. ಮುಂದಿನ ಗಾಡಿಗೆ ಅಂಟಿಕೊಂಡು ಇಂಚಿಂಚು ಸರಿಯುವ ಬದಲು ಜಾಗ ಬಿಡಿ, ಒಂದಿಷ್ಟು ಅಂತರ ಆದ ಮೇಲೆ ಒಮ್ಮೆಲೇ ಸಾಗಿ. ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್‌ನಿಂದ ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಬಳಸಿ. ಕ್ಲಚ್ ಬದಲಿಸಿದ ಮೇಲೆ ಅದು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರ್‌ಗೆ ಸ್ಕ್ಯಾನರ್ ಮೂಲಕ ಕಲಿಸಬೇಕು. ಈ ಒಂದು ಹೆಜ್ಜೆ ಬಿಟ್ಟಿದ್ದಕ್ಕೇ ಹೊಸ ಕ್ಲಚ್ ಕೂಡ ಜರ್ಕ್ ಹೊಡೆಯುವುದುಂಟು.

ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತರುವವರು ಮಾರುವವರ ಮನೆಗೆ ಮುಂಜಾನೆಯೇ ಹೋಗಿ, ಎಂಜಿನ್ ಪೂರ್ತಿ ತಣ್ಣಗಿದೆಯೇ ಎಂದು ಕೈಯಿಟ್ಟು ನೋಡಿ ಆಮೇಲೆ ಶುರು ಮಾಡಬೇಕು. ಬಿಸಿ ಮಾಡಿಟ್ಟ ಗಾಡಿ ತಣ್ಣನೆಯ ದೋಷಗಳನ್ನು ಮುಚ್ಚಿಡುತ್ತದೆ. ಆಮೇಲೆ ಅರ್ಧ ಗಂಟೆಗೂ ಹೆಚ್ಚು ಓಡಿಸಿ, ಬಿಸಿ ದೋಷಗಳೂ ಹೊರಬರಲಿ. ಬ್ಯಾಟರಿ ಹೊಸದಾಗಿ ಬಿಚ್ಚಿ ಹಾಕಿದ ಗುರುತಿದ್ದರೆ ಕೋಡ್‌ಗಳನ್ನು ಅಳಿಸಿರಬಹುದು.

ಈ ಎಲ್ಲ ಕೆಲಸಕ್ಕೆ ಹುಬ್ಬಳ್ಳಿ, ದಾವಣಗೆರೆಗಳೇ ಗತಿ ಎಂದು ನನಗೆ ಅನಿಸುವುದಿಲ್ಲ. ತುಂಗಭದ್ರೆಯ ಆಚೆ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ದೇಶಕ್ಕೆ ಲೇತ್ ಯಂತ್ರ ಕೊಟ್ಟಿತು. ಆ ಕಾರ್ಖಾನೆ ಈಗ ಇಲ್ಲ, ಆದರೆ ಅಳತೆ ಹಿಡಿದು ಕೆಲಸ ಮಾಡುವ ಕೈಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಟ್ರ್ಯಾಕ್ಟರ್ ಹೈಡ್ರಾಲಿಕ್ ಬಿಚ್ಚಿ ಜೋಡಿಸುವ ರಾಣೆಬೆನ್ನೂರಿನ ಮೆಕ್ಯಾನಿಕ್‌ಗೆ ಆಯಿಲ್ ಒತ್ತಡ, ಕವಾಟ, ಸೀಲ್ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆಟೋಮ್ಯಾಟಿಕ್ ಪೆಟ್ಟಿಗೆಯ ಅರ್ಧ ವಿದ್ಯೆ ಅದೇ. ಕೊರತೆ ಇರುವುದು ಉಳಿದರ್ಧಕ್ಕೆ: ಗೇರ್‌ಬಾಕ್ಸಿನ ಕಂಪ್ಯೂಟರ್ ಜೊತೆ ಮಾತಾಡುವ ಒಳ್ಳೆಯ ಸ್ಕ್ಯಾನರ್, ಕಂಪನಿಯ ರಿಪೇರಿ ಕೈಪಿಡಿ, ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ತರಬೇತಿ. ನಮ್ಮ ಐಟಿಐಗಳ ಮೋಟಾರ್ ಮೆಕ್ಯಾನಿಕ್ ವಿಭಾಗದಲ್ಲಿ ಬಿಚ್ಚಿ ನೋಡಲು ಒಂದು ಹಳೆಯ ಆಟೋಮ್ಯಾಟಿಕ್ ಪೆಟ್ಟಿಗೆ ಇಟ್ಟರೆ, ನಾಲ್ಕಾರು ಗ್ಯಾರೇಜಿನವರು ಸೇರಿ ಒಂದು ಸ್ಕ್ಯಾನರ್ ಕೊಂಡರೆ, ಪರೀಕ್ಷೆಯ ಹಂತವಾದರೂ ಊರಿನಲ್ಲೇ ಮುಗಿಯುತ್ತದೆ. ಮಾಲೀಕರೂ ಪರೀಕ್ಷೆಗೆ ಹಣ ಕೊಡುವುದನ್ನು ಕಲಿಯಬೇಕು. ಪಾರ್ಟ್ ಹಾಕಿದರೆ ಮಾತ್ರ ಕೂಲಿ ಎಂಬ ರೂಢಿ ಇರುವವರೆಗೆ ಮೆಕ್ಯಾನಿಕ್ ಪಾರ್ಟ್ ಹಾಕುತ್ತಲೇ ಇರುತ್ತಾನೆ. ಅರ್ಧ ದಿನ ಹುಡುಕಿ "ಪೆಟ್ಟಿಗಿ ಸರಿ ಐತ್ರಿ, ವೈರ್ ಹರದೈತಿ" ಎಂದು ಹೇಳಿದವನಿಗೆ ಆ ಅರ್ಧ ದಿನದ ಕೂಲಿ ಸಲ್ಲಲೇಬೇಕು.

ರಿಪೇರಿ ಮುಗಿದ ಮೇಲೆ ಬಿಲ್ಲಿನಲ್ಲಿ ಆಯಿಲಿನ ಪೂರ್ತಿ ಹೆಸರು, ಎಷ್ಟು ಲೀಟರ್, ಯಾವ ಉಷ್ಣಾಂಶದಲ್ಲಿ ಮಟ್ಟ ನೋಡಿದರು, ಯಾವ ಕೋಡ್ ಇತ್ತು ಎಂಬುದನ್ನು ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಹಳೆಯ ಲೆಕ್ಕ ಅಳಿಸಿದ ಪೆಟ್ಟಿಗೆ ಕ್ಲಚ್‌ಗೆ ಆಯಿಲ್ ತುಂಬುವ ಸಮಯವನ್ನು ಹೊಸದಾಗಿ ಕಲಿಯುವುದರಿಂದ ಮೊದಲ ಕೆಲವು ದಿನ ಗೇರು ಸ್ವಲ್ಪ ಬೇರೆಯಾಗಿ ಬೀಳಬಹುದು. ಆ ದಿನಗಳಲ್ಲಿ ಒಮ್ಮೆಲೇ ಜೋರು ಒತ್ತದೆ, ನಿಂತು ಹೊರಡುವ ಊರಿನ ಓಡಾಟ, ಮೋಟೆಬೆನ್ನೂರಿನಿಂದ ರಾಣೆಬೆನ್ನೂರಿನವರೆಗಿನ ಹೆದ್ದಾರಿ ಓಟ ಎರಡನ್ನೂ ಮಾಡಿಸಿ. ಅದಾದ ಮೇಲೂ ಅದೇ ವೇಗದಲ್ಲಿ, ಅದೇ ಗೇರಿನಲ್ಲಿ, ಅದೇ ಬಿಸಿಯಲ್ಲಿ ಜರ್ಕ್ ಬಂದರೆ ಹಳೆಯ ಹಾಳೆ ಮತ್ತು ಹೊಸ ಬಿಲ್ಲು ಎರಡನ್ನೂ ಹಿಡಿದು ಅದೇ ಗ್ಯಾರೇಜಿಗೆ ಹೋಗಿ. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜರ್ಕ್ ಬರುವ ಜಾಗದವರೆಗೆ ನೀವೇ ಓಡಿಸಿ ತೋರಿಸಿ.